ಸೊಲ್ಲು ಮತ್ತು ಸಭೆ: ಸ್ವತಂತ್ರ ವಾದ್ಯಮೇಳಗಳ ಕಛೇರಿಯಲ್ಲಿ ಶರೀಫರ ತತ್ತ್ವಪದ

ಶಿಶುನಾಳ ಶರೀಫರ (1819–1889) ತತ್ತ್ವಪದಗಳನ್ನು ತರಗತಿಯಲ್ಲಿ ಪಾಠ ಹೇಳುವಾಗ, ಅವು ಹಾಡುಗಳೆಂಬುದನ್ನು ಒಂದು ವಾಕ್ಯದಲ್ಲಿ ತಿಳಿಸಿ, ಮಿಕ್ಕ ಹೊತ್ತನ್ನೆಲ್ಲ ಅರ್ಥವಿವರಣೆಗೆ ಮೀಸಲಿಡುವುದು ನಮ್ಮಲ್ಲಿ ವಾಡಿಕೆ. ಹಾಡಿಕೆಯ ವಿಚಾರ ಸಂಗೀತಗಾರರಿಗೆ ಸೇರಿದ್ದೆಂದೂ ಸಾಹಿತ್ಯದವರಿಗೆ ಮಾತಷ್ಟೇ ಸಾಕೆಂದೂ ನಾವು ಒಳಗೊಳಗೇ ಒಪ್ಪಂದ ಮಾಡಿಕೊಂಡಂತೆ ಕಾಣುತ್ತದೆ. ಈ ಒಪ್ಪಂದದ ತಳಹದಿ ಎಷ್ಟು ಸಡಿಲವಾದುದೆಂಬುದು, ಬೆಂಗಳೂರಿನ ಸ್ವತಂತ್ರ ವಾದ್ಯಮೇಳಗಳ ಕಛೇರಿಗಳಿಗೂ ಬಯಲಿನ ಸಂಗೀತೋತ್ಸವಗಳಿಗೂ ಕೆಲವು ವರ್ಷ ಹೋಗಿಬಂದ ಮೇಲೆ ನಮಗೆ ಮನದಟ್ಟಾಯಿತು. ಪುಸ್ತಕದಲ್ಲಿ ಒಂದೇ ಆಗಿರುವ ಪದ ಒಂದು ಸಭೆಯಲ್ಲಿ ಒಂದಾಗಿ, ಇನ್ನೊಂದು ಸಭೆಯಲ್ಲಿ ಮತ್ತೊಂದಾಗಿ ಕೇಳಿಸುವುದನ್ನು ಕಿವಿಯಾರೆ ಕೇಳಿದ ಮೇಲೆ, ಸಭೆಯನ್ನು ಬಿಟ್ಟು ಪದದ ಅರ್ಥವನ್ನು ನಿರ್ಣಯಿಸುವುದು ನಮಗೆ ಸಾಧ್ಯವಾಗಿಲ್ಲ.

ಸ್ವತಂತ್ರ ವಾದ್ಯಮೇಳವೆಂದರೆ ಏನೆಂಬುದನ್ನು ಮೊದಲು ಹೇಳಬೇಕು. ‘ಬ್ಯಾಂಡು’ ಎಂದೊಡನೆ ನಮ್ಮ ಹಿರಿಯರ ಕಣ್ಣಿಗೆ ಕಟ್ಟುತ್ತಿದ್ದುದು ಮದುವೆಯ ಮೆರವಣಿಗೆಯ ಮುಂದೆ ಹಿತ್ತಾಳೆಯ ವಾದ್ಯಗಳನ್ನು ಊದುತ್ತ ನಡೆಯುವ ಬ್ಯಾಂಡ್‌ಸೆಟ್ಟು. ಪ್ರಕೃತ ವಿಷಯ ಅದಲ್ಲ. ನಾಲ್ಕಾರು ಮಂದಿ ಸೇರಿ ಗಿಟಾರು, ಡ್ರಮ್ಸುಗಳನ್ನೂ ಕೆಲವೆಡೆ ಪಿಟೀಲು, ಕೊಳಲುಗಳನ್ನೂ ಕೂಡಿಸಿಕೊಂಡು, ಚಲನಚಿತ್ರದ ಹಂಗಿಲ್ಲದೆ ತಮ್ಮ ಹಾಡುಗಳನ್ನು ತಾವೇ ಕಟ್ಟಿ ಹಾಡುವ ಮೇಳಗಳಿಗೆ ‘ಇಂಡೀ’ ಎಂಬ ಮೊಟಕು ಹೆಸರು ರೂಢಿಯಲ್ಲಿದೆ. ಬೆಂಗಳೂರಿನಲ್ಲಿ 1996ರಲ್ಲಿ ಹುಟ್ಟಿದ ‘ಥರ್ಮಲ್ ಅಂಡ್ ಎ ಕ್ವಾರ್ಟರ್’ ಇವುಗಳಲ್ಲಿ ಹಳೆಯದು. ಮೂವರು ಮಲಯಾಳಿಗಳು, ಕಾಲುಪಾಲು ಮಲಯಾಳಿಯಾದ ಇನ್ನೊಬ್ಬ—ಇದನ್ನು ‘ತ್ರೀ ಮಲ್’ ಎಂದು ಎಣಿಸಿ ಶ್ಲೇಷೆಯಿಂದ ಕಟ್ಟಿದ ಹೆಸರದು. ಅಲಂಕಾರಶಾಸ್ತ್ರ ಹೇಳುವ ಅಧ್ಯಾಪಕರಿಗೆ ಉದಾಹರಣೆಯಾಗಿ ಒದಗಬಹುದು. ಆದರೆ ಆ ಮೇಳ ಹಾಡುವುದು ಇಂಗ್ಲಿಷಿನಲ್ಲಿ. ನಮ್ಮ ವಿಚಾರಕ್ಕೆ ಹತ್ತಿರವಾದವು ‘ರಘು ದೀಕ್ಷಿತ್ ಪ್ರಾಜೆಕ್ಟ್’ ಮತ್ತು ‘ಸ್ವರಾತ್ಮ’ ಎಂಬೆರಡು. ರಘು ದೀಕ್ಷಿತರು 2008ರಲ್ಲಿ ಹೊರತಂದ ಮೊದಲ ಧ್ವನಿಮುದ್ರಿಕೆಯಲ್ಲಿ ಹಿಂದೀ, ಇಂಗ್ಲಿಷು ಹಾಡುಗಳ ನಡುವೆ ಶರೀಫರ ಎರಡು ಪದಗಳಿದ್ದುವು: ಗುಡುಗುಡಿಯ ಪದ ಒಂದು, ಸೋರುವ ಮಾಳಿಗೆಯ ಪದ ಇನ್ನೊಂದು. ಅದನ್ನು ಪ್ರಕಟಿಸಿದವರು ಹಿಂದೀ ಚಲನಚಿತ್ರಸಂಗೀತದ ವಿಶಾಲ್–ಶೇಖರ್ ಎಂಬುದನ್ನು ನೆನೆದರೆ ‘ಸ್ವತಂತ್ರ’ವೆಂಬ ವಿಶೇಷಣವನ್ನು ತುಸು ಎಚ್ಚರದಿಂದ ಬಳಸಬೇಕಾಗುತ್ತದೆ.

ಗಿಟಾರಿಗೆ ಶರೀಫರನ್ನು ಹೊಂದಿಸುವುದು ಅಪಚಾರವೆಂಬ ಆಕ್ಷೇಪ ನಮ್ಮ ಸಹೋದ್ಯೋಗಿಗಳಿಂದ ಕೇಳಿಬಂದಿದೆ. ಇದರಲ್ಲಿ ನಾವು ಬಹಳ ಹೊತ್ತು ನಿಲ್ಲುವುದಿಲ್ಲ. ಇಂದು ನಾವು ‘ಸಾಂಪ್ರದಾಯಿಕ’ವೆಂದು ನಂಬಿರುವ ಧಾಟಿಗಳಲ್ಲಿ ಅನೇಕವು ಸಿ. ಅಶ್ವತ್ಥ್ ಅವರು ಹೊಸದಾಗಿ ಕಟ್ಟಿದವು. ನಾಗಾಭರಣರ ‘ಸಂತ ಶಿಶುನಾಳ ಶರೀಫ’ (1990) ಚಿತ್ರದಿಂದ ಅವು ಮನೆಮಾತಾದುವು. ಏಕತಾರಿ, ದಮ್ಮಡಿಗಳ ಭಜನೆಯ ಧಾಟಿಯನ್ನೇ ಬಲ್ಲ ಹಳ್ಳಿಯ ಗಾಯಕನಿಗೆ ಅಂದು ಅವೂ ಹೊಸತೇ. ವಾದ್ಯ ಬದಲಾದುದು ದೋಷವಲ್ಲ. ದೋಷವಿದ್ದರೆ ಅದನ್ನು ಬೇರೆ ಕಡೆ ಹುಡುಕಬೇಕು.

ನಾವು ಮೊದಲು ಹೋದುದು ಬಯಲಿನ ದೊಡ್ಡದೊಂದು ಉತ್ಸವಕ್ಕೆ. ಇಂಥ ಉತ್ಸವಗಳ ಮಾದರಿಯನ್ನು ನಮ್ಮ ದೇಶದಲ್ಲಿ ನೆಲೆಗೊಳಿಸಿದವುಗಳಲ್ಲಿ ಪುಣೆಯಲ್ಲಿ 2010ರಲ್ಲಿ ತೊಡಗಿ, ಮರುವರ್ಷ ಬೆಂಗಳೂರಿಗೂ ದೆಹಲಿಗೂ ಹಬ್ಬಿದ ‘ಎನ್‌ಎಚ್7 ವೀಕೆಂಡರ್’ ಮುಖ್ಯವಾದುದು. ಒಂದೇ ಬಯಲಿನಲ್ಲಿ ಹಲವು ರಂಗಗಳು. ಒಂದೊಂದು ಮೇಳಕ್ಕೆ ಒಂದು ಗಂಟೆಯೋ ಅದಕ್ಕೂ ಕಡಮೆಯೋ ಅವಧಿ. ಕೇಳುವವನು ತನಗೆ ಬೇಕಾದ ರಂಗಕ್ಕೆ ನಡೆದುಕೊಂಡು ಹೋಗಬೇಕು. ನಾವು ಅಜ್ಞಾನದಿಂದ ಧ್ವನಿವರ್ಧಕಗಳ ಗೋಪುರದ ಪಕ್ಕದಲ್ಲೇ ನಿಂತು ಎರಡು ದಿನ ಕಿವಿನೋವು ಅನುಭವಿಸಿದೆವು. ಧ್ವನಿಯನ್ನು ಹದಗೊಳಿಸುವವನು ಸಭೆಯ ನಡುವೆ ಎಲ್ಲಿ ಮೇಜು ಹಾಕಿಕೊಂಡಿರುತ್ತಾನೋ ಅದರ ಸನಿಹವೇ ಕೇಳುವುದಕ್ಕೆ ಉತ್ತಮ ಸ್ಥಳ. ಅವನು ತನ್ನ ಕಿವಿಗೆ ಹಿತವಾಗುವಂತೆ ಎಲ್ಲವನ್ನೂ ತೂಗಿ ಹೊಂದಿಸಿರುತ್ತಾನೆ. ಇದನ್ನು ನಾವು ಕಲಿತುದು ತಡವಾಗಿ. ವಿದ್ಯಾರ್ಥಿಗಳಿಗೆ ಉಪಯೋಗವಾದೀತೆಂದು ಇಲ್ಲಿ ಹೇಳಿದ್ದೇವೆ.

ಸಂಜೆ ಮೇಳವೊಂದು ಗುಡುಗುಡಿಯ ಪದವನ್ನು ಎತ್ತಿಕೊಂಡಿತು. ಮೇಳದ ಹೆಸರು ಇಲ್ಲಿ ಅಪ್ರಸ್ತುತ. ಪಲ್ಲವಿಯ ಮೊದಲ ಮಾತು ಬೀಳುತ್ತಲೇ ಬಯಲಿಗೆ ಬಯಲೇ ಕೂಗಿತು. ಪದದ ಹುರುಳು ವಾಚಕರಿಗೆ ತಿಳಿದುದೇ: ಗುಡುಗುಡಿಯ ಒಂದೊಂದು ಅಂಗವನ್ನೂ ಸಾಧಕನ ಅಂತರಂಗಕ್ಕೆ ಹೊಂದಿಸಿ, ಮನಸ್ಸನ್ನು ಸಂಚಿಯಾಗಿ, ಮೋಹವನ್ನು ಕೊಚ್ಚಬೇಕಾದ ಭಂಗಿಯ ಸೊಪ್ಪಾಗಿ, ಬುದ್ಧಿಯನ್ನು ಅದಕ್ಕೆ ಹಚ್ಚುವ ಬೆಂಕಿಯಾಗಿ ಶರೀಫರು ಕಾಣುತ್ತಾರೆ. ಸೇದಬೇಕಾದುದು ಹೊಗೆಯನ್ನಲ್ಲ, ಸುಡಬೇಕಾದುದು ಮೋಹವನ್ನು. ಈ ತಿರುವೆಲ್ಲ ಇರುವುದು ಚರಣಗಳಲ್ಲಿ. ಅಂದು ನಮ್ಮ ಸುತ್ತ ನಿಂತಿದ್ದವರಲ್ಲಿ ಬಹುಮಂದಿಗೆ ಪಲ್ಲವಿಯ ಒಂದೆರಡು ಮಾತು ಬಾಯಿಗೆ ಬರುತ್ತಿತ್ತು. ಚರಣ ಬಂದಾಗ ಅವರು ಪರಸ್ಪರ ಮಾತಿಗಿಳಿಯುತ್ತಿದ್ದರು. ಗಾಯಕನಿಗೂ ಅದು ತಿಳಿದಿತ್ತೆಂದು ತೋರುತ್ತದೆ: ಒಂದು ಚರಣವನ್ನು ಅವಸರದಲ್ಲಿ ದಾಟಿ, ಪಲ್ಲವಿಗೆ ಮರಳಿ, ಸಭೆಯಿಂದ ಅದನ್ನು ಹತ್ತಾರು ಸಲ ಹಾಡಿಸಿದನು. ಇಂಥ ಉತ್ಸವಗಳಿಗೆ ಮದ್ಯದ ವ್ಯಾಪಾರಮುದ್ರೆಗಳು ಪ್ರಾಯೋಜಕರಾಗಿರುವುದುಂಟು. ಆ ಫಲಕಗಳ ಕೆಳಗೆ ಮೋಹದಹನದ ಪದ ಮೋಹದ ಪ್ರಶಂಸೆಯಾಗಿ ಕೇಳಿಸಿತೆಂದರೆ ಶ್ರೋತೃಗಳನ್ನೇ ದೂರುವುದು ನ್ಯಾಯವಲ್ಲ. ಬೆಡಗಿನ ಬೀಗವನ್ನು ಅವರಿಗೆ ಕೊಟ್ಟು, ಕೀಲಿಯನ್ನು ಕೊಡದೆ ಇದ್ದಂತಾಯಿತು.

ಇಲ್ಲಿ ಭಜನೆಯ ರಚನೆಯನ್ನು ನೆನೆಯುವುದು ಅವಶ್ಯ. ಭಜನೆಯಲ್ಲಿ ಮುಂದಾಳು ಒಂದು ಸೊಲ್ಲು ಹೇಳುತ್ತಾನೆ. ಮೇಳ ಅದನ್ನು ಹಿಂದಕ್ಕೆ ಹೇಳುತ್ತದೆ. ಈ ಮರುನುಡಿ ಬರಿಯ ಅಲಂಕಾರವಲ್ಲ. ಒಮ್ಮೆ ಕೇಳಿದ ಮಾತನ್ನು ಇನ್ನೊಮ್ಮೆ ಕೇಳಿ, ಅದು ಏನೆಂದು ಒಳಗೆ ಇಳಿಸಿಕೊಳ್ಳಲು ಶ್ರೋತೃವಿಗೆ ದೊರಕುವ ಬಿಡುವು ಅದು. ಪಲ್ಲವಿಗೆ ಮಾತ್ರವಲ್ಲ, ಚರಣಕ್ಕೂ ಆ ಬಿಡುವುಂಟು. ಇದನ್ನು ಬಿಟ್ಟು ಪಲ್ಲವಿಯೊಂದಕ್ಕೇ ಮರುನುಡಿಯನ್ನು ಕಟ್ಟಿಹಾಕಿದರೆ, ಚರಣದ ಸ್ಥಾನದಲ್ಲಿ ಗಿಟಾರಿನ ಆಲಾಪವನ್ನೋ ಡ್ರಮ್ಮಿನ ತನಿಯನ್ನೋ ತುಂಬಿದರೆ, ಉಳಿಯುವುದು ಪದದ ಬಾಗಿಲು, ಮನೆಯಲ್ಲ. ಬಯಲಿನ ಕಛೇರಿಗೆ ಬಂದು ಹೋದವರೆಲ್ಲರೂ ಬಾಗಿಲಿನಲ್ಲಿ ನಿಂತು ಸಂತೋಷಪಟ್ಟು ಹೋದರೆಂದು ನಾವು ಅಂದು ಟಿಪ್ಪಣಿ ಬರೆದುಕೊಂಡೆವು. ಆ ಟಿಪ್ಪಣಿಯಲ್ಲಿ ಸತ್ಯವೂ ಇತ್ತು, ಅಧ್ಯಾಪಕರ ಗರ್ವವೂ ಇತ್ತು.

ಮುಂದೆ ಇಂದಿರಾನಗರದ ಕಡೆಯ ಚಿಕ್ಕ ಸಭಾಂಗಣಗಳಿಗೆ ಹೋದೆವು. ಅಂಥ ಸ್ಥಳಗಳ ಆಯುಸ್ಸು ಕಡಮೆ. ಹೆಸರಾಂತ ‘ಹಮ್ಮಿಂಗ್ ಟ್ರೀ’ 2013ರಲ್ಲಿ ತೆರೆದು 2019ರಲ್ಲಿ ಮುಚ್ಚಿಹೋಯಿತು. ಕೆಲವು ನೂರು ಮಂದಿ ಹಿಡಿಸುವ ಇಂಥ ಕೋಣೆಯಲ್ಲಿ ಗಾಯಕನ ಮುಖ ಕಾಣುತ್ತದೆ, ತುಟಿ ಕಾಣುತ್ತದೆ. ಮಾತು ಕೇಳಿಸದಿದ್ದರೂ ಓದಿಕೊಳ್ಳಬಹುದು. ಒಂದು ರಾತ್ರಿ ಸೋರುವ ಮಾಳಿಗೆಯ ಪದಕ್ಕೆ ಮುನ್ನ ಗಾಯಕನು ಗಿಟಾರನ್ನು ಮೆಲ್ಲಗೆ ಮೀಟುತ್ತ, ಅರ್ಧ ಇಂಗ್ಲಿಷು ಅರ್ಧ ಕನ್ನಡದಲ್ಲಿ, ಧಾರವಾಡದ ಕಡೆ ಮನೆಗಳಿಗೆ ಮಣ್ಣಿನ ಮಾಳಿಗೆಯಿರುತ್ತಿತ್ತೆಂದೂ, ಮಳೆಗಾಲಕ್ಕೆ ಮೊದಲೇ ಮಣ್ಣು ಹಾಕಿ ಬಡಿದು ಗಟ್ಟಿಮಾಡದಿದ್ದರೆ ಸೋರುತ್ತಿತ್ತೆಂದೂ, ಕತ್ತಲಲ್ಲಿ ಮಳೆ ಬಂದ ಮೇಲೆ ಹತ್ತಿ ಸರಿಪಡಿಸುವುದು ಆಗದ ಮಾತೆಂದೂ ಹೇಳಿದನು. ದೇಹ, ಅಜ್ಞಾನ ಎಂಬ ಮಾತುಗಳನ್ನು ಎತ್ತಲೇ ಇಲ್ಲ. ಆಮೇಲೆ ಹಾಡಿದನು. ತೊಲೆ ಜಂತಿಗಳ ದುಃಸ್ಥಿತಿಯನ್ನು ಎಣಿಸುವ ಚರಣಗಳು ಬಂದಾಗ ಕೋಣೆ ನಿಶ್ಶಬ್ದವಾಯಿತು. ಕಾಂಕ್ರೀಟಿನ ಮನೆಗಳಲ್ಲಿ ಹುಟ್ಟಿ ಬೆಳೆದವರು, ಕನ್ನಡ ಬಾರದವರೂ ಅನೇಕರು, ಮಳೆಗೆ ಹೆದರುವವರಂತೆ ನಿಂತಿದ್ದರು.

ಹಾಡುಗಳ ನಡುವಿನ ಈ ಮಾತನ್ನು ವಿಮರ್ಶಕರು ಲೆಕ್ಕಕ್ಕೆ ತೆಗೆದುಕೊಂಡಂತಿಲ್ಲ. ಧ್ವನಿಮುದ್ರಿಕೆಯಲ್ಲಿ ಅದು ಇರುವುದಿಲ್ಲ. ಕಛೇರಿಯಲ್ಲಿ ಮಾತ್ರ ಇರುತ್ತದೆ. ಹರಿಕಥೆಯ ದಾಸರ ಪೀಠಿಕೆಗೂ ಇದಕ್ಕೂ ಬಂಧುತ್ವವಿದೆ. ಒಳ್ಳೆಯ ಟೀಕೆ ಪದಕ್ಕೆ ಅರ್ಥವನ್ನು ಹೇಳಿಬಿಡುವುದಿಲ್ಲ. ಅರ್ಥಕ್ಕೆ ಬೇಕಾದ ವಸ್ತುವನ್ನು ಕಣ್ಣಮುಂದೆ ಇಟ್ಟು ಸುಮ್ಮನಾಗುತ್ತದೆ. ಆ ಗಾಯಕನು ಮಾಡಿದುದು ಅದನ್ನೇ. ಮಾಳಿಗೆಯ ಪದವನ್ನು ಹಲವು ವರ್ಷ ಪಾಠ ಹೇಳಿದ ನಾವು ‘ಮಾಳಿಗೆಯೆಂದರೆ ದೇಹ’ ಎಂದು ಮೊದಲ ನಿಮಿಷದಲ್ಲೇ ಬರೆಸಿ, ಮಾಳಿಗೆಯನ್ನು ನೋಡಲು ವಿದ್ಯಾರ್ಥಿಗಳಿಗೆ ಎಡೆಗೊಡದಿದ್ದುದು ಅಂದು ನೆನಪಾಯಿತು.

ಭಾಷೆಯ ಪ್ರಶ್ನೆಯನ್ನೂ ಇಲ್ಲಿ ಮುಟ್ಟಬೇಕು. ‘ಸ್ವರಾತ್ಮ’ ಮೇಳದ ಮೊದಲ ಧ್ವನಿಮುದ್ರಿಕೆಯಲ್ಲಿ (2009) ‘ಪ್ಯಾಸೀ’ ಎಂಬ ಹಾಡಿದೆ. ಎರಡು ರಾಜ್ಯಗಳ ಎಳೆದಾಟಕ್ಕೆ ಸಿಕ್ಕಿದ ಕಾವೇರಿ ತಾನೇ ಮಾತನಾಡುವಂತೆ ಅದರ ಕಲ್ಪನೆ. ಕಲ್ಪನೆ ಉಚಿತವಾದುದು, ಧೈರ್ಯವುಳ್ಳದ್ದು. ಆದರೆ ಕಾವೇರಿ ಮಾತನಾಡುವುದು ಹಿಂದಿಯಲ್ಲಿ. ಕನ್ನಡವನ್ನೂ ತಮಿಳನ್ನೂ ದಡದಲ್ಲಿ ಕೇಳಿದ ನದಿಗೆ ಮೂರನೆಯ ನುಡಿ ಏಕೆ? ಎರಡು ಪಕ್ಷಕ್ಕೂ ಸೇರದ ನುಡಿಯೇ ನದಿಗೆ ತಕ್ಕುದೆಂದು ಸಮರ್ಥಿಸಬಹುದು. ಪುಣೆ, ದೆಹಲಿಗಳ ಸಭೆಗಳೂ ಕವಿಯ ಮನಸ್ಸಿನಲ್ಲಿದ್ದುವೆಂದು ಊಹಿಸಲೂಬಹುದು. ನಮ್ಮ ಮಟ್ಟಿಗೆ ಮೊದಲನೆಯ ಸಮರ್ಥನೆ ಚಮತ್ಕಾರದ್ದು, ಎರಡನೆಯದು ನಿಜಕ್ಕೆ ಹತ್ತಿರವಾದುದು. ಆ ಮೇಳದ ಗಾಯಕರಾದ ವಾಸು ದೀಕ್ಷಿತರು ಮುಂದೆ ಬೇರೆಯೊಂದು ತಂಡ ಕಟ್ಟಿಕೊಂಡು ಕನ್ನಡದ ಪದಗಳಿಗೇ ಹೆಚ್ಚಾಗಿ ಒಲಿದಿದ್ದಾರೆ. ಅಣ್ಣನ ದಾರಿಗೂ ತಮ್ಮನ ದಾರಿಗೂ ಇರುವ ವ್ಯತ್ಯಾಸ ಬೇರೆಯೇ ಲೇಖನಕ್ಕೆ ವಸ್ತುವಾಗಬಲ್ಲುದು.

ಇಷ್ಟಾದ ಮೇಲೆ, ಚಿಕ್ಕ ಸಭೆ ಪದವನ್ನು ಕಾಯುತ್ತದೆ, ದೊಡ್ಡ ಸಭೆ ಕೆಡಿಸುತ್ತದೆ ಎಂಬ ನಿರ್ಣಯಕ್ಕೆ ನಾವು ಬಂದಿದ್ದೆವು. ಅದನ್ನು ಮುರಿದುದು ಕನಕಪುರ ರಸ್ತೆಯ ದಿನ್ನೆಪಾಳ್ಯದ ‘ಫೈರ್‌ಫ್ಲೈಸ್’ ಆಶ್ರಮದಲ್ಲಿ ಹಲವು ವರ್ಷ ನಡೆದ ಅಹೋರಾತ್ರಿ ಸಂಗೀತೋತ್ಸವ. ಅಲ್ಲಿ ಹಳೆಯ ಆಲದ ಮರದ ಕೆಳಗೆ ಒಂದೇ ರಂಗ. ಹೊತ್ತು ಮುಳುಗುವಾಗ ತೊಡಗಿದ ಹಾಡಿಕೆ ಬೆಳಗಾಗುವವರೆಗೆ ನಡೆಯುತ್ತಿತ್ತು. ಜನ ಸಾವಿರದ ಲೆಕ್ಕದಲ್ಲಿ ಸೇರಿದ್ದರು. ಚಾಪೆ, ಜಮಖಾನ, ಹೊದಿಕೆಗಳನ್ನು ತಂದು ನೆಲದಲ್ಲಿ ಕುಳಿತಿದ್ದರು. ಬೇರೆ ರಂಗಕ್ಕೆ ಹೋಗೋಣವೆಂದರೆ ಬೇರೆ ರಂಗವೇ ಇರಲಿಲ್ಲ. ನಡುರಾತ್ರಿ ಕಳೆದ ಮೇಲೆ ಕೆಲವರು ಮಲಗಿದರು, ಎದ್ದರು, ಮತ್ತೆ ಕೇಳಿದರು—ನಮ್ಮ ಬಯಲಾಟದ ಸಭೆಯಂತೆಯೇ. ಮೂರನೆಯ ಜಾವದಲ್ಲಿ ಬಂದ ಮೇಳ ತತ್ತ್ವಪದವನ್ನು ಹಾಡಿತು. ಅವಸರವಿರಲಿಲ್ಲ. ಗಾಯಕನು ಚರಣವನ್ನೂ ಎರಡು ಸಲ ಹೇಳಿದನು. ಎರಡನೆಯ ಸಲಕ್ಕೆ ಮುಂದಿನ ಸಾಲಿನವರು ತಾವಾಗಿಯೇ ದನಿಗೂಡಿಸಿದರು. ಗಿಟಾರು ಇತ್ತು, ಡ್ರಮ್ಮು ಇತ್ತು, ಜನಸಂದಣಿಯೂ ಇತ್ತು. ಆದರೂ ಅದು ಭಜನೆಯೇ ಆಗಿತ್ತು. ಸಭೆಯ ಗಾತ್ರವನ್ನು ನಾವು ಮಾನದಂಡವಾಗಿ ಹಿಡಿದುದು ತಪ್ಪು. ಸಭೆ ಎಷ್ಟು ಹೊತ್ತು ಒಂದೆಡೆ ಕೂಡಿರುತ್ತದೆಂಬುದನ್ನು ಹಿಡಿಯಬೇಕಾಗಿತ್ತು. ಎದ್ದುಹೋಗಲು ಅಣಿಯಾಗಿರುವ ಸಭೆಗೆ ಗಾಯಕನು ಪಲ್ಲವಿಯನ್ನಲ್ಲದೆ ಬೇರೇನನ್ನೂ ಕೊಡಲಾರನು.

ತತ್ತ್ವಪದಗಳ ಪಾಠಾಂತರಗಳನ್ನು ಸಂಗ್ರಹಿಸುವ ನಮ್ಮ ವಿದ್ಯಾರ್ಥಿಗಳು ಹಸ್ತಪ್ರತಿ, ಭಜನೆಯ ಪುಸ್ತಕಗಳ ಜತೆಗೆ ಇಂಥ ಕಛೇರಿಗಳ ಹಾಡಿಕೆಯನ್ನೂ ಗುರುತು ಮಾಡಿಕೊಳ್ಳಬೇಕೆಂಬುದು ನಮ್ಮ ಸೂಚನೆ. ಎಲ್ಲಿ ಯಾವ ಚರಣ ಬಿಟ್ಟುಹೋಯಿತು, ಪಲ್ಲವಿ ಎಷ್ಟು ಸಲ ಮರಳಿತು, ಹಾಡಿಗೆ ಮುನ್ನ ಏನು ಮಾತು ಬಂದಿತು ಎಂಬ ಮೂರನ್ನು ಬರೆದುಕೊಂಡರೂ ಸಾಕು.

ಆ ಬೆಳಗಿನ ಜಾವ ಆಲದ ಮರದಿಂದ ರಸ್ತೆಗೆ ನಡೆದು ಬಂದು ಚಹಾ ಕುಡಿಯುತ್ತಿದ್ದಾಗ ಎಂಜಿನಿಯರಿಂಗ್ ಓದುವ ಹುಡುಗರಿಬ್ಬರು, ನಮ್ಮ ವಯಸ್ಸನ್ನೂ ಕೈಯಲ್ಲಿದ್ದ ಟಿಪ್ಪಣಿ ಪುಸ್ತಕವನ್ನೂ ನೋಡಿ, “ಸರ್, ಸಂಚಿ ಅಂದರೇನು?” ಎಂದು ಕೇಳಿದರು. ಅಜ್ಜಿಯರ ಸೊಂಟದಲ್ಲಿರುತ್ತಿದ್ದ ಎಲೆಯಡಕೆಯ ಸಂಚಿಯನ್ನು ವಿವರಿಸಿದೆವು: ಅಡಕೆಗೊಂದು, ಹೊಗೆಸೊಪ್ಪಿಗೊಂದು, ಪುಡಿಕಾಸಿಗೊಂದು ಎಂದು ಒಳಗೆ ಖಾನೆಗಳು, ಬಾಯಿಗೆ ಎಳೆದು ಕಟ್ಟುವ ದಾರ. ಅವರಲ್ಲೊಬ್ಬನು ಸ್ವಲ್ಪ ಯೋಚಿಸಿ, ಹಾಗಾದರೆ ಮನಸ್ಸಿಗೂ ಖಾನೆಗಳುಂಟೇ ಎಂದನು. ನಾವು ಉತ್ತರ ಹುಡುಕುತ್ತಿದ್ದಂತೆ ಮೆಜೆಸ್ಟಿಕ್ಕಿನ ಬಸ್ಸು ಬಂದಿತು. ಹುಡುಗರು ಓಡಿ ಹತ್ತಿಕೊಂಡರು.