ಲೂಕನ ಸುವಾರ್ತೆಯಲ್ಲಿ ಕೃತಜ್ಞತೆಯ ಸ್ವರೂಪ

ಲೂಕನ ಸುವಾರ್ತೆಯ 17ನೆಯ ಅಧ್ಯಾಯದಲ್ಲಿನ ಹತ್ತು ಮಂದಿ ಕುಷ್ಠರೋಗಿಗಳ ಪ್ರಸಂಗವನ್ನು ಉಪಕಾರಸ್ಮರಣೆಯ ನೀತಿಕಥೆಯೆಂದು ಓದುವುದು ವಾಡಿಕೆ. ಪಠ್ಯವು ಇದಕ್ಕಿಂತ ಹೆಚ್ಚಿನದನ್ನು ಹೇಳುತ್ತದೆ. ಯೇಸುವಿನ ಮಾತಿನಂತೆ ಯಾಜಕರ ಬಳಿಗೆ ಹೊರಟು, ದಾರಿಯಲ್ಲಿಯೇ ಶುದ್ಧರಾದವರು ಹತ್ತು ಮಂದಿ. ಆಜ್ಞಾಪಾಲನೆಯಲ್ಲಿ ಎಲ್ಲರೂ ಸಮಾನರು. ತನಗೆ ಗುಣವಾದುದನ್ನು ಕಂಡು ಹಿಂದಿರುಗಿದವನು ಒಬ್ಬನೇ. ಅವನು ಯೆಹೂದ್ಯರಿಗೆ ಪರಕೀಯನಾದ ಸಮಾರ್ಯದವನು. ಅವನ ನಂಬಿಕೆಯನ್ನು ಕುರಿತು ಯೇಸು ನುಡಿಯುವಲ್ಲಿ ಬಳಕೆಯಾದ ಗ್ರೀಕ್ ಕ್ರಿಯಾಪದಕ್ಕೆ ಗುಣಪಡಿಸು, ರಕ್ಷಿಸು ಎಂಬ ಎರಡೂ ಅರ್ಥಗಳುಂಟು. ಗುಣವು ಹತ್ತು ಮಂದಿಗೂ ದೊರೆತಿರುವುದರಿಂದ ಇಲ್ಲಿ ಎರಡನೆಯ ಅರ್ಥವೇ ಮುಖ್ಯ. ಹೀಗೆ ಕೃತಜ್ಞತೆಯು ನಂಬಿಕೆಯ ರೂಪವೇ ಆಗುತ್ತದೆ. ಕೃತವನ್ನು ಅರಿತವನು ಕೃತಜ್ಞ. ಕಂಡು ಹಿಂದಿರುಗಿದ ಈ ಪರಕೀಯನಿಗೆ ಆ ಪದವು ಯಥಾರ್ಥವಾಗಿ ಒಪ್ಪುತ್ತದೆ.