ಚಕ್ಕುಬಂದಿ ಮತ್ತು ಬಾರ್ಡರ್

ಬಾರ್ಡರ್ ಎಂಬ ಇಂಗ್ಲಿಷ್ ಪದ ನಮ್ಮ ಮನೆಗಳೊಳಗೆ ಬಂದದ್ದು ಸೈನ್ಯದ ಜೊತೆಗಲ್ಲ, ಸೀರೆಯ ಜೊತೆ. ಅಂಚು ಎಂಬ ಚೆಂದದ ಕನ್ನಡ ಪದ ಇದ್ದರೂ ಅಂಗಡಿಯಲ್ಲಿ ಹೆಂಗಸರು ಕೇಳುವುದು ದೊಡ್ಡ ಬಾರ್ಡರಿನ ಸೀರೆಯನ್ನೇ. ಹುಡುಗ ಹೇಗೋ ಪರೀಕ್ಷೆ ದಾಟಿಕೊಂಡರೆ ಬಾರ್ಡರಿನಲ್ಲಿ ಪಾಸಾದ ಎನ್ನುತ್ತೇವೆ. ರಕ್ತ ಪರೀಕ್ಷೆಯ ಚೀಟಿ ನೋಡಿದ ಡಾಕ್ಟರು, ‘ಶುಗರ್ ಬಾರ್ಡರಿನಲ್ಲಿದೆ, ಅನ್ನ ಕಡಿಮೆ ಮಾಡಿ’ ಎನ್ನುತ್ತಾರೆ. ಈ ಬಳಕೆಗಳಲ್ಲಿ ಯಾರಿಗೂ ಯಾವ ಹಗೆಯೂ ಇಲ್ಲ. ಸೀರೆಯ ಬಾರ್ಡರಂತೂ ಸೀರೆಯನ್ನು ಬಿಟ್ಟು ಇರಲಾರದು.

ಆದರೆ ಇದೇ ಪದಕ್ಕೆ ನಮ್ಮ ಊರಿನಲ್ಲಿ ಈಗ ಮತ್ತೊಂದು ಅರ್ಥ ಹುಟ್ಟಿಕೊಂಡಿದೆ. ಆರ್.ಟಿ. ನಗರದ ಆಸುಪಾಸಿನಲ್ಲಿ ಬಾಡಿಗೆ ಮನೆ ಹುಡುಕುತ್ತಿದ್ದಾಗ ಬ್ರೋಕರ್ ಒಬ್ಬರು ನಮಗೆ ಒಂದು ರಸ್ತೆಯನ್ನು ತೋರಿಸಿ, ‘ಭಾಯ್, ಇದು ಬಾರ್ಡರ್. ಆ ಕಡೆ ನಿಮ್ಮೋರಿಗೆ ಕೊಡಲ್ಲ, ಈ ಕಡೆ ನೋಡೋಣ ಬನ್ನಿ’ ಎಂದಿದ್ದರು. ಅವರ ದನಿಯಲ್ಲಿ ಒರಟುತನವಿರಲಿಲ್ಲ; ಬಸ್ ನಿಲ್ದಾಣ ಎಲ್ಲಿದೆ ಎಂದು ಹೇಳುವಷ್ಟೇ ಸಹಜವಾಗಿ ಹೇಳಿದರು. ನಮಗೆ ಹೆಚ್ಚು ಚುಚ್ಚಿದ್ದು ಆ ಸಹಜತೆ. ಇದಕ್ಕಿಂತ ಕಸಿವಿಸಿಯ ಸಂಗತಿ ಎಂದರೆ ನಮ್ಮವರೂ ಈ ಪದವನ್ನು ಎತ್ತಿಕೊಂಡಿರುವುದು. ‘ಬಾರ್ಡರ್ ಕೇ ಉಧರ್ ನಕ್ಕೋ’ ಎಂದು ಹಿರಿಯರು ಮಕ್ಕಳಿಗೆ ದಖನಿಯಲ್ಲಿ ಹೇಳುವುದನ್ನು ಕೇಳಿದ್ದೇವೆ. ಹೊರಗಿನವರು ಎಳೆದ ಗೆರೆಗೆ ಒಳಗಿನಿಂದ ನಾವೇ ಸುಣ್ಣ ಬಳಿದ ಹಾಗೆ.

ಈ ಅರ್ಥ ಬೆಂಗಳೂರಿನದೇ ಸೃಷ್ಟಿಯಲ್ಲ. ಅಹಮದಾಬಾದಿನ ಜುಹಾಪುರ ಮತ್ತು ವೇಜಲ್‌ಪುರಗಳ ನಡುವಿನ ವಿಭಜನೆಯನ್ನು ಅಲ್ಲಿನ ಜನ ಬಾರ್ಡರ್ ಎಂದೇ ಕರೆಯುತ್ತಾರೆ. ಪತ್ರಕರ್ತರೂ ಸಮಾಜಶಾಸ್ತ್ರಜ್ಞರೂ ಇದನ್ನು ಬಹಳ ಸಲ ಬರೆದಿದ್ದಾರೆ. ದೇಶದ ಗಡಿಗೆ ಇರುವ ಪದವನ್ನು ಬೀದಿಯ ಗಡಿಗೆ ಹಚ್ಚಿದೊಡನೆ ಬೀದಿಯ ಆಚೆ ಇರುವವನು ನೆರೆಯವನಾಗಿ ಉಳಿಯುವುದಿಲ್ಲ, ಪರದೇಶಿಯಾಗುತ್ತಾನೆ. ಇದಕ್ಕೆ ಯಾರೂ ವಾದ ಮಂಡಿಸಬೇಕಾಗಿಲ್ಲ. ಪದವೇ ಆ ಕೆಲಸ ಮುಗಿಸಿಬಿಡುತ್ತದೆ.

ಕನ್ನಡದಲ್ಲಿ ಇಂಥ ಗೆರೆಗಳಿಗೆ ಪದಗಳ ಬಡತನವಿಲ್ಲ. ಎಲ್ಲೆ, ಮೇರೆ, ಗಡಿ, ಸೀಮೆ, ಬದು, ಬಾಂದುಕಲ್ಲು, ಸರಹದ್ದು. ಇವುಗಳಲ್ಲಿ ಸೀಮೆಯ ಸ್ವಭಾವ ವಿಚಿತ್ರ. ಗೆರೆ ಎಂದು ಹೊರಟ ಪದ ಗೆರೆಯೊಳಗಿನ ನಾಡೇ ಆಗಿಬಿಟ್ಟಿತು: ಬಯಲುಸೀಮೆ. ಅಷ್ಟಕ್ಕೂ ನಿಲ್ಲದೆ, ಗೆರೆ ದಾಟಿ ಕಡಲಾಚೆಯಿಂದ ಬಂದ ವಸ್ತುಗಳಿಗೂ ಅದೇ ಹೆಸರಾಯಿತು. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸು, ಸೀಮೆಬದನೆ. ಪರದೇಶದ್ದು ಎಂದು ಹಣೆಯ ಮೇಲೆ ಬರೆದುಕೊಂಡೇ ಇವೆಲ್ಲ ನಮ್ಮ ಅಡುಗೆಮನೆಗೂ ಕೊಟ್ಟಿಗೆಗೂ ಶಾಲೆಗೂ ಸೇರಿಕೊಂಡವು. ಸೀಮೆಬದನೆಯ ಹುಳಿ ಉಣ್ಣುವವರು ಯಾರೂ ಅದರ ಮೂಲ ವಿಚಾರಿಸುವುದಿಲ್ಲ.

ಸರಹದ್ದು ನಮಗೆ ಎರಡು ದಾರಿಯಿಂದ ಪರಿಚಯವಾದ ಪದ. ಉರ್ದು ಶಾಲೆಯಲ್ಲಿ ಅದು ಸರ್‌ಹದ್. ಪಾರಸಿಯ ಸರ್ ಮತ್ತು ಅರಬ್ಬಿಯ ಹದ್ ಕೂಡಿ ಆದದ್ದು. ಕನ್ನಡ ತರಗತಿಗೆ ಬಂದರೆ ಅದೇ ಪದ ಪೊಲೀಸ್ ಠಾಣೆಯ ಸರಹದ್ದಾಗಿ ಕುಳಿತಿತ್ತು. ಕನ್ನಡಿಗರು ಹದ್ದನ್ನು ಬಿಡಿಯಾಗಿಯೂ ಇಟ್ಟುಕೊಂಡಿದ್ದಾರೆ. ಹದ್ದು ಮೀರಬೇಡ ಎಂದು ಬೈಯುವಾಗ ಆಕಾಶದ ಹಕ್ಕಿಯನ್ನು ಯಾರೂ ನೆನೆಯುವುದಿಲ್ಲ. ಹದ್ದುಬಸ್ತು ಎಂಬುದು ಇನ್ನೂ ಸೊಗಸು. ಮಾತಿನಲ್ಲಿ ಅದಕ್ಕೆ ಹತೋಟಿ ಎಂದು ಅರ್ಥ. ಭೂಮಾಪನ ಇಲಾಖೆಯಲ್ಲಿ ಜಮೀನಿನ ಗಡಿ ಗುರುತಿಸಿಕೊಡುವ ಕೆಲಸಕ್ಕೆ ಅದೇ ಹೆಸರು. ಹದ್ದುಬಸ್ತಿಗೆ ಅರ್ಜಿ ಹಾಕಿದರೆ ಸರ್ವೆಯವರು ಬರುವ ಮುನ್ನ ಬಾಜುದಾರರಿಗೆ ನೋಟಿಸು ಹೋಗುತ್ತದೆ. ಪಕ್ಕದ ಜಮೀನಿನವನಿಗೆ ತಿಳಿಸದೆ ನಿಮ್ಮ ಗಡಿಯನ್ನು ಅಳೆಯುವಂತಿಲ್ಲ.

ಇವೆಲ್ಲಕ್ಕಿಂತ ನಾವು ಮೆಚ್ಚುವ ಪದ ಚಕ್ಕುಬಂದಿ. ಮನೆ, ನಿವೇಶನ, ಹೊಲ ಯಾವುದರ ಕ್ರಯಪತ್ರ ತೆಗೆದರೂ ಕೊನೆಯಲ್ಲಿ ಷೆಡ್ಯೂಲು ಇರುತ್ತದೆ. ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ಇಂಥವರ ಖಾಲಿ ನಿವೇಶನ, ಉತ್ತರಕ್ಕೆ ರಸ್ತೆ, ದಕ್ಷಿಣಕ್ಕೆ ಕಾಲುವೆ. ನೀವು ದುಡಿದು ಕೊಂಡ ಆಸ್ತಿ ಯಾವುದು ಎಂದು ಕಾನೂನಿಗೆ ಹೇಳಬೇಕಾದರೆ ನೆರೆಯವರ ಹೆಸರು ಹೇಳಲೇಬೇಕು. ಯಲಹಂಕದ ಸುತ್ತಿನ ಹಳ್ಳಿಗಳು ಬಡಾವಣೆಗಳಾಗುವ ಮೊದಲಿನ ಹಳೆಯ ಪತ್ರಗಳನ್ನು ಓದುವ ಅವಕಾಶ ನಮಗೆ ಕೆಲವು ಸಲ ಸಿಕ್ಕಿದೆ. ಸಾಬರ ಜಮೀನಿಗೆ ಗೌಡರ ಹೊಲ ಗಡಿ, ಗೌಡರ ಹೊಲಕ್ಕೆ ತೋಟಿಯ ಇನಾಮು ಗಡಿ. ಈ ಮೂವರಲ್ಲಿ ಪ್ರೀತಿ ಇತ್ತೆಂದು ಪತ್ರ ಹೇಳುವುದಿಲ್ಲ. ಬದುವಿನ ಒಂದು ಗೇಣಿಗಾಗಿ ಕೋರ್ಟಿಗೆ ಅಲೆದಿರಲೂಬಹುದು. ಜಗಳವಾಡುವುದಕ್ಕೂ ಎದುರಿನವನಿಗೆ ಹೆಸರಿರಬೇಕಲ್ಲ. ಬ್ರೋಕರು ತೋರಿಸಿದ ಬಾರ್ಡರಿನ ಆಚೆ ಯಾರ ಹೆಸರೂ ಇರಲಿಲ್ಲ, ‘ಆ ಕಡೆ’ ಮಾತ್ರ ಇತ್ತು.

ಹಾಗೆಂದು ಕನ್ನಡದ ಹಳೆಯ ಪದಗಳೆಲ್ಲ ಮುಗ್ಧ ಎಂದು ಹಾಡಿ ಹೊಗಳುವುದೂ ಸುಳ್ಳಾಗುತ್ತದೆ. ರೋಗದ ಮಾರಿಯನ್ನು ಗಡಿ ದಾಟಿಸಿ ಪಕ್ಕದ ಊರಿನ ಪಾಲಿಗೆ ಬಿಟ್ಟು ಬರುವುದು ನಮ್ಮ ಹಳ್ಳಿಗಳ ಪದ್ಧತಿಯಾಗಿತ್ತು. ಕೇರಿಯನ್ನು ಊರಿನಿಂದ ಹೊರಗಿಟ್ಟ ಗೆರೆಗೆ ಯಾವ ಬಾಂದುಕಲ್ಲೂ ಬೇಕಿರಲಿಲ್ಲ. ಎಲ್ಲರ ಕಾಲಿಗೂ ಅದು ಗೊತ್ತಿತ್ತು. ಸಿದ್ಧಲಿಂಗಯ್ಯನವರು ತಮ್ಮ ಆತ್ಮಕಥೆಗೆ ‘ಊರುಕೇರಿ’ ಎಂದು ಹೆಸರಿಟ್ಟರು. ಎರಡನ್ನೂ ಒಂದೇ ಪದವಾಗಿ ಉಚ್ಚರಿಸಬೇಕಾದ ಆ ಶೀರ್ಷಿಕೆಯಲ್ಲಿ ಗೆರೆಯೂ ಇದೆ, ಗೆರೆ ಒಪ್ಪದ ಹಟವೂ ಇದೆ. ಮುಸ್ಲಿಮನಿಗೆ ಮನೆ ಸಿಗದ ರಸ್ತೆಯಲ್ಲಿ ಹಲವು ಸಲ ದಲಿತನಿಗೂ ಮನೆ ಸಿಗುವುದಿಲ್ಲ. ಅವನಿಗೆ ಬಾರ್ಡರ್ ಎಂದು ಹೇಳುವುದಿಲ್ಲ, ‘ವೆಜ್ ಓನ್ಲಿ’ ಎನ್ನುತ್ತಾರೆ.

ಉತ್ತರ ಬೆಂಗಳೂರಿನವರಾದ ನಮಗೆ ಗಡಿ ಎಂದೊಡನೆ ಕಣ್ಣಿಗೆ ಬರುವುದು ಮೇಖ್ರಿ ವೃತ್ತದ ಬಳಿಯ ಗೋಪುರ. ಬಂಡೆಯ ಮೇಲೆ ನಿಂತ ಪುಟ್ಟ ಕಲ್ಲುಮಂಟಪ. ಲಾಲ್‌ಬಾಗ್, ಹಲಸೂರು, ಕೆಂಪಾಂಬುಧಿ ಕೆರೆ ಮತ್ತು ಇದು ಸೇರಿ ಕೆಂಪೇಗೌಡರ ಹೆಸರಿನ ನಾಲ್ಕು ಗಡಿಗೋಪುರಗಳು. ಊರು ಇಷ್ಟು ಬೆಳೆಯಲಿ ಎಂದು ಹಾಕಿದ ಗುರುತು ಎಂಬುದು ಐತಿಹ್ಯ. ಊರು ಅದನ್ನು ಎಂದೋ ದಾಟಿತು. ಹೆಬ್ಬಾಳ ದಾಟಿ, 2007ರಲ್ಲಿ ಯಲಹಂಕ ನಗರಸಭೆಯನ್ನೂ ಬೃಹತ್ ಪಾಲಿಕೆಯೊಳಗೆ ಸೇರಿಸಿಕೊಂಡಿತು. ಉತ್ತರದ ಗಡಿಯ ಗುರುತಿನ ಪಕ್ಕದ ವೃತ್ತಕ್ಕೆ ಇನಾಯತುಲ್ಲಾ ಮೇಖ್ರಿ ಎಂಬ ಗಾಂಧಿವಾದಿಯ ಹೆಸರಿದೆ. ವಿಮಾನ ನಿಲ್ದಾಣಕ್ಕೆ ಧಾವಿಸುವವರಲ್ಲಿ ಇದು ಎಷ್ಟು ಜನಕ್ಕೆ ಗೊತ್ತೋ. ಆರ್.ಟಿ. ನಗರ ಎಂದರೆ ರವೀಂದ್ರನಾಥ ಟಾಗೋರ್ ನಗರ ಎಂಬುದೂ ಹಾಗೆಯೇ ಮರೆತುಹೋಗುತ್ತಿದೆ. 1917ರಲ್ಲೇ ರಾಷ್ಟ್ರೀಯತೆಯ ಅಮಲಿನ ವಿರುದ್ಧ ಪುಸ್ತಕ ಪ್ರಕಟಿಸಿದವರ ಹೆಸರಿನ ಬಡಾವಣೆಯ ಪಕ್ಕದಲ್ಲೇ ಬ್ರೋಕರು ನಮಗೆ ಬಾರ್ಡರ್ ತೋರಿಸಿದ್ದು.

ಸರ್ಕಾರದ ಗೆರೆಗಳ ವಿಚಾರ ಬೇರೆ. ಅವು ಬಂದು ಹೋಗುತ್ತವೆ. ದಂಡಿಗೂ ಪೇಟೆಗೂ ಬೇರೆ ಬೇರೆ ಆಡಳಿತವಿತ್ತು, 1949ರಲ್ಲಿ ಎರಡೂ ಒಂದೇ ನಗರಸಭೆಯಾದವು. ಈಗ ದಂಡು ಎಂಬುದು ಹೆಚ್ಚಾಗಿ ರೈಲು ನಿಲ್ದಾಣದ ಹೆಸರು. 2025ರ ಸೆಪ್ಟೆಂಬರಿನಲ್ಲಿ ನಗರವನ್ನು ಐದು ಪಾಲಿಕೆಗಳಾಗಿ ಒಡೆದರು. ಅದೇ ವರ್ಷ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಬೆಂಗಳೂರು ಉತ್ತರ ಎಂದು ಹೆಸರಿಡಲು ಸಂಪುಟ ಒಪ್ಪಿತು. ಪಾಲಿಕೆಯೊಂದು ಉತ್ತರ, ಲೋಕಸಭಾ ಕ್ಷೇತ್ರವೊಂದು ಉತ್ತರ, ಜಿಲ್ಲೆಯೂ ಉತ್ತರ. ಅಂಚೆಯವನ ಪಾಡು ದೇವರಿಗೇ ಪ್ರೀತಿ.

ಪದಗಳನ್ನು ತೂಗಿ ಆಡಬೇಕಾದವರೇ ಜಾರಿದಾಗ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. 2024ರಲ್ಲಿ ನಮ್ಮ ಹೈಕೋರ್ಟಿನ ನ್ಯಾಯಮೂರ್ತಿಯೊಬ್ಬರು ಕಲಾಪದ ನಡುವೆ ಗೋರಿಪಾಳ್ಯವನ್ನು ಪಾಕಿಸ್ತಾನಕ್ಕೆ ಹೋಲಿಸಿ ಮಾತಾಡಿದರು. ಅದರ ದೃಶ್ಯ ದೇಶವೆಲ್ಲ ಹರಡಿತು. ಸುಪ್ರೀಂ ಕೋರ್ಟು ತಾನಾಗಿಯೇ ವಿಚಾರಣೆಗೆ ಎತ್ತಿಕೊಂಡು, ಭಾರತದ ಯಾವ ಭಾಗವನ್ನೂ ಹಾಗೆ ಕರೆಯುವಂತಿಲ್ಲ ಎಂದು ಹೇಳಿ, ಅವರು ವಿಷಾದ ವ್ಯಕ್ತಪಡಿಸಿದ್ದನ್ನು ಒಪ್ಪಿ ಸೆಪ್ಟೆಂಬರ್ 25ರಂದು ಅದನ್ನು ಮುಗಿಸಿತು. ಬಾರ್ಡರ್ ಎಂಬ ಪದ ಮೊದಲು ಬಂದಿದ್ದರೆ ಇಂಥ ಮಾತು ಬಹಳ ಹಿಂದೆ ಉಳಿಯುವುದಿಲ್ಲ. ಒಂದು ಕಡೆ ಭಾರತವಾದರೆ ಇನ್ನೊಂದು ಕಡೆಗೂ ಒಂದು ದೇಶದ ಹೆಸರು ಬೇಕಾಗುತ್ತದೆ. 2020ರ ಆಗಸ್ಟ್ 11ರ ರಾತ್ರಿ ಡಿ.ಜೆ. ಹಳ್ಳಿಯಲ್ಲಿ ಆದ ಹಿಂಸೆಯನ್ನು ನಾವು ಸಮರ್ಥಿಸುವುದಿಲ್ಲ; ಬೆಂಕಿ ಇಟ್ಟವರು ಇಟ್ಟದ್ದು ಬೆಂಕಿಯೇ. ಅದೇ ರಾತ್ರಿ ಅಲ್ಲಿನ ಮುಸ್ಲಿಂ ಯುವಕರು ಕೈ ಕೈ ಹಿಡಿದು ದೇವಸ್ಥಾನದ ಸುತ್ತ ಸಾಲಾಗಿ ನಿಂತದ್ದೂ ವರದಿಯಾಯಿತು. ಅದೂ ಒಂದು ಗೆರೆ. ಅದಕ್ಕೆ ಪತ್ರಿಕೆಗಳು ಮಾನವ ಸರಪಳಿ ಎಂದವು, ಸದ್ಯ.

ಕತೆ ಬರೆಯುವವರಾಗಿ ನಮಗೆ ಇದರಲ್ಲಿ ಕಸುಬಿನ ಪ್ರಶ್ನೆಯೂ ಇದೆ. ಮಂಟೋ ತನ್ನ ‘ಟೋಬಾ ಟೇಕ್ ಸಿಂಗ್’ ಕತೆಯಲ್ಲಿ ಬಿಶನ್ ಸಿಂಗನನ್ನು ಎರಡು ದೇಶಗಳ ಮುಳ್ಳುತಂತಿಯ ನಡುವಿನ, ಹೆಸರೇ ಇಲ್ಲದ ನೆಲದ ಮೇಲೆ ಕೆಡವಿದ. ಹೆಸರಿಲ್ಲದ ನೆಲ ಎಂದರೆ ಏನು ಎಂದು ಅವನಿಗೆ ಗೊತ್ತಿತ್ತು. ನಮ್ಮಲ್ಲಿ ಸಾರಾ ಅಬೂಬಕ್ಕರ್ ಕಾಸರಗೋಡಿನಲ್ಲಿ ಹುಟ್ಟಿದವರು. 1956ರಲ್ಲಿ ಆ ಊರು ಕೇರಳಕ್ಕೆ ಸೇರಿತು. ಚಂದ್ರಗಿರಿ ನದಿಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ್ ಆಯೋಗ ಹೇಳಿದರೂ ಅದು ಜಾರಿಯಾಗಲಿಲ್ಲ. ಗಡಿ ಹೋರಾಟದ ಭಾಷೆಯಲ್ಲಿ ಚಂದ್ರಗಿರಿ ಒಂದು ಗೆರೆ. ಸಾರಾ ಅವರ ಕಾದಂಬರಿ ‘ಚಂದ್ರಗಿರಿಯ ತೀರದಲ್ಲಿ’. ಅವರಿಗೆ ಆ ಹೊಳೆಗೆ ತೀರವಿತ್ತು, ತೀರದಲ್ಲಿ ಮನೆಗಳಿದ್ದವು, ಮನೆಯೊಳಗೆ ತಲಾಖಿನ ಬೇಗೆಯಲ್ಲಿ ಬೆಂದ ಹೆಣ್ಣೊಬ್ಬಳಿದ್ದಳು.

ಈಚೆಗೆ ನಗರದ ಬದುಕಿನ ಬಗ್ಗೆ ಬರುವ ಕನ್ನಡ ಕತೆಗಳಲ್ಲಿ, ನಮ್ಮ ಸಮುದಾಯದ ಎಳೆಯರು ಬರೆದವೂ ಸೇರಿ, ‘ಬಾರ್ಡರಿನ ಆಚೆಯ ಬೀದಿ’ ಎಂಬಂಥ ಮಾತು ಕಾಣತೊಡಗಿದೆ. ಬ್ರೋಕರಿನ ಪಾತ್ರ ಆ ಮಾತನ್ನಾಡಲಿ, ಅಡ್ಡಿಯಿಲ್ಲ. ಆಡದಿದ್ದರೆ ಅವನು ಬ್ರೋಕರನಂತೆ ಕೇಳಿಸುವುದಿಲ್ಲ. ಬಾಗಿಲಲ್ಲಿ ನಿಂತು ಮಗನನ್ನು ತಡೆಯುವ ತಾಯಿಯ ಬಾಯಲ್ಲೂ ಇರಲಿ. ನಮ್ಮ ತಕರಾರು ನಿರೂಪಕನ ವಾಕ್ಯದ ಬಗ್ಗೆ. ಉದ್ಧರಣ ಚಿಹ್ನೆಯ ಹೊರಗೆ, ಕತೆಗಾರ ತನ್ನ ಸ್ವಂತ ದನಿಯಲ್ಲಿ ಹಾಗೆ ಬರೆದಾಗ ಓದುಗನಿಗೆ ಅದು ಭೂಗೋಳವಾಗಿ ಸಿಗುತ್ತದೆ. ಅಲ್ಲಿ ಆ ಬೀದಿಗೆ ಹೆಸರಿರಬೇಕು. ಮೊದಲನೆಯ ಮನೆಯವರು ಯಾರು, ಅವರ ಗೋಡೆಗೆ ಹೊಂದಿಕೊಂಡ ಮನೆ ಯಾರದು, ಉತ್ತರಕ್ಕೆ ರಸ್ತೆಯೋ ಕಾಲುವೆಯೋ, ಅಷ್ಟನ್ನಾದರೂ ಬರೆಯಬೇಕು.