ಪಂಕ್ತಿಯಲ್ಲಿ ಕೂತ ಮೈಗಳು

ಕೊಡಗನ್ನು ಬಿಡಿಸಿ ಎಂದರೆ ಬಹುತೇಕ ಕಲಾವಿದರ ಕುಂಚ ಮೊದಲು ಹೋಗುವುದು ಕೊಡವರ ಕುಪ್ಯ ಎಂಬ ನಿಲುವಂಗಿ, ಸೊಂಟಕ್ಕೆ ಸುತ್ತುವ ಚೇಲೆ, ಪೀಚೆಕತ್ತಿಯ ಕಡೆಗೆ. ಉಡುಪು ಸರಿಯಾಗಿ ಮೂಡಿದರೆ ಊರೂ ಮೂಡಿತು ಎಂಬ ನಂಬಿಕೆ. ಕೊಡಗಿನ ಹಾರಂಗಿ ಹೊಳೆಯ ಸುತ್ತ ಬದುಕುವ ನಮಗೆ ಅಷ್ಟು ಸಾಲದು. ತೋಟದ ಲೈನ್ ಮನೆಗಳಲ್ಲಿ ಎಲ್ಲೆಲ್ಲಿಂದಲೋ ಬಂದ ಕೆಲಸದವರಿದ್ದಾರೆ. ಕುಶಾಲನಗರದ ಸೇತುವೆ ದಾಟಿದರೆ ಬೈಲಕುಪ್ಪೆಯಲ್ಲಿ 1960ರ ದಶಕದಿಂದ ಬೇರೂರಿದ ಟಿಬೆಟನ್ನರಿದ್ದಾರೆ. ಈ ನೆಲವನ್ನು ಯಾರ ಉಡುಪಿನಲ್ಲಿ ಬರೆಯುವುದು?

ಮೈಸೂರಿನ ಎನ್.ಎಸ್. ಹರ್ಷ ಅವರ ಚಿತ್ರಗಳನ್ನು ನಾನು ಮತ್ತೆ ಮತ್ತೆ ನೋಡುವುದು ಇದೇ ಪ್ರಶ್ನೆ ಇಟ್ಟುಕೊಂಡು. 1969ರಲ್ಲಿ ಹುಟ್ಟಿದ ಅವರು ಮೈಸೂರಿನ ಕಾವಾ ಕಲಾಶಾಲೆಯಲ್ಲೂ ಬರೋಡಾದಲ್ಲೂ ಕಲಿತು, ಮೈಸೂರಿನಲ್ಲೇ ಉಳಿದು ಕೆಲಸ ಮಾಡಿದವರು. 2008ರಲ್ಲಿ ವೇಲ್ಸ್‌ನ ಆರ್ಟಿಸ್ ಮುಂಡಿ ಪ್ರಶಸ್ತಿ ಪಡೆದರು. 1999ರಿಂದ 2001ರವರೆಗೆ ಬರೆದ ‘ವಿ ಕಮ್, ವಿ ಈಟ್, ವಿ ಸ್ಲೀಪ್’ ಮೂರು ದೊಡ್ಡ ಕ್ಯಾನ್ವಾಸುಗಳ ಕೃತಿ. ಜನ ಬರುತ್ತಾರೆ, ಸಾಲಾಗಿ ಉಣ್ಣುತ್ತಾರೆ, ಸಾಲಾಗಿ ಮಲಗುತ್ತಾರೆ. ಅಷ್ಟೇ ವಸ್ತು.

ದೂರದಿಂದ ನೋಡಿದರೆ ಸೀರೆಯ ಬುಟ್ಟಾದ ಹಾಗೆ ಒಂದೇ ಆಕೃತಿ ಮರುಕಳಿಸಿದಂತೆ ಕಾಣುತ್ತದೆ. ಅಲ್ಲಿಗೇ ನಿಲ್ಲಬೇಡಿ. ಹತ್ತಿರ ಹೋಗಿ, ಒಂದು ಸಾಲು ಹಿಡಿದು, ಒಬ್ಬೊಬ್ಬರನ್ನೇ ನೋಡುತ್ತಾ ಸಾಗಿ. ಒಬ್ಬರು ಕೂತಂತೆ ಇನ್ನೊಬ್ಬರು ಕೂತಿಲ್ಲ. ಬೆನ್ನು ಬಾಗಿದ ಬಗೆ, ಕತ್ತು ಹೊರಳಿದ ಬಗೆ ಎಲ್ಲ ಬೇರೆ. ಯಾರು ಎಲ್ಲಿಯವರು ಎಂಬುದನ್ನು ಹರ್ಷ ಮೈಯ ಭಂಗಿಯಲ್ಲಿ ಹೇಳುತ್ತಾರೆ, ಹಣೆಪಟ್ಟಿ ಅಂಟಿಸಿ ಅಲ್ಲ. ಸಾಲಿನೊಳಗಿದ್ದೂ ಯಾರೂ ಕರಗಿಹೋಗುವುದಿಲ್ಲ. ನನ್ನ ಮಟ್ಟಿಗೆ ಅವರ ದೊಡ್ಡ ಸಾಧನೆ ಅದು. ಕೊಡಗಿನ ಎಳೆಯ ಕಲಾವಿದರು ಕಲಿಯಬೇಕಾದದ್ದೂ ಅದನ್ನೇ. ಕಾಫಿ ಕುಯ್ಯುವ ಹೆಂಗಸಿನ ಭುಜ ಹೇಗೆ ಇಳಿದಿರುತ್ತದೆ ಎಂಬುದನ್ನು ಯಾವ ಚೇಲೆಯೂ ಹೇಳಲಾರದು.

2006ರ ಸಿಂಗಪುರ ಬಿನಾಲೆಯಲ್ಲಿ ಹರ್ಷ ಇನ್ನೂ ಮುಂದೆ ಹೋದರು. ಅಲ್ಲಿನ ಶ್ರೀಕೃಷ್ಣನ್ ದೇವಾಲಯದಲ್ಲಿ ‘ಕಾಸ್ಮಿಕ್ ಆರ್ಫನ್ಸ್’ ಬರೆದಾಗ ಮಲಗಿದ ಜನ ಚಾವಣಿಯಲ್ಲಷ್ಟೇ ಅಲ್ಲ, ನೆಲದ ಮೇಲೂ ಇದ್ದರು. ಮನುಷ್ಯರಿಗೆ ಕಾಲು ತಾಕಿದರೆ ಕೈಯಿಂದ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ನಮ್ಮಂಥವರಿಗೆ ಆ ನೆಲದ ಮೇಲೆ ನಡೆಯುವುದು ಸುಲಭವಲ್ಲ. ಅಲ್ಲಿ ಬರೆದ ಮೈಗಳ ಜೊತೆ ನೋಡುವವರ ಮೈಯೂ ಚಿತ್ರಕ್ಕೆ ಸೇರಿಬಿಡುತ್ತದೆ: ಎಲ್ಲಿ ಕಾಲಿಡಲಿ ಎಂದು ಅಂಗಾಲೇ ಕೇಳತೊಡಗುತ್ತದೆ.